ಅತ್ತೆಯೊಳಗಿನ ದಾನಿಗಳು

ಕುರುಗೋಡಿನ ನಡುಮಧ್ಯಾಹ್ನದ ಬಿಸಿಲಿನಲ್ಲಿ ಅತ್ತೆ ಕಂಬಳಿ ಕೇಳಿದರು. ಹೊದಿಸಿದೆ. ಇನ್ನೊಂದು ಕೇಳಿದರು. ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಮುಟ್ಟಿದರೆ ಕಾದ ಹಂಚು.

ಉರಿಮೂತ್ರ ಅವರಿಗೆ ಹೊಸದಲ್ಲ. ಅದಕ್ಕೆ ಮದ್ದೂ ಮನೆಯಲ್ಲೇ ಇತ್ತು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮಾತ್ರೆ ಉಳಿದರೂ ಅದು ಅತ್ತೆಯ ಸ್ಟೀಲ್ ಡಬ್ಬಿ ಸೇರುತ್ತದೆ; ಯಾರಿಗೆ ಜ್ವರ ಬಂದರೂ ಅಲ್ಲಿಂದಲೇ ಹೊರಡುತ್ತದೆ. ಅವರದು ಕೊಡುಗೈ, ಇಲ್ಲ ಎಂದವರಲ್ಲ. ಉರಿ ಬಂದಾಗ ತಾವೂ ಒಂದೆರಡು ನುಂಗುವರು, ಕಡಿಮೆಯಾದ ಕೂಡಲೇ ನಿಲ್ಲಿಸುವರು. ಈ ಸಲವೂ ನುಂಗಿದ್ದರು. ಈ ಸಲ ರೋಗ ಕೇಳಲಿಲ್ಲ.

ಬಳ್ಳಾರಿಗೆ ಕರೆದೊಯ್ದು ಅಡ್ಮಿಟ್ ಮಾಡಿದೆವು. ಇನ್‌ಫೆಕ್ಷನ್ ಕಿಡ್ನಿಗೆ ಏರಿದೆ ಎಂದರು. ಡ್ರಿಪ್ ಹಾಕಿದರು. ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಲಿಲ್ಲ, ಬಿಪಿ ಇಳಿಯಿತು. ನನ್ನ ಗಂಡ ವಾರ್ಡಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಯೂರಿನ್ ಕಲ್ಚರ್ ರಿಪೋರ್ಟ್ ಬಂದ ಮೇಲೆ ಡಾಕ್ಟರ್ ನಮ್ಮಿಬ್ಬರನ್ನೂ ಕರೆದು, ಈ ಬ್ಯಾಕ್ಟೀರಿಯಾಕ್ಕೆ ಯಾವ ಆಂಟಿಬಯಾಟಿಕ್ಕೂ ನಾಟುತ್ತಿಲ್ಲ, ಒಂದೇ ಒಂದು ಉಳಿದಿದೆ ಎಂದರು.

ಅದೂ ನಾಟದಿದ್ದರೆ ಅತ್ತೆ ಇಲ್ಲ.

ಹೊಸ ಔಷಧಿ ಹನಿಯಲು ಶುರುವಾದಾಗ ಅತ್ತೆಗೆ ಎಚ್ಚರವಿತ್ತು. "ಈ ಹುಳಕ್ಕ ಇಷ್ಟು ಸೊಕ್ಕು ಯಾರು ಕಲಿಸಿದ್ರವ್ವಾ?" ಎಂದು ಕೇಳಿದರು. ಆ ದನಿಯಲ್ಲಿ ಉಸಿರೇ ಇರಲಿಲ್ಲ, ಕುತೂಹಲ ಮಾತ್ರ ಇತ್ತು.

ಡಾಕ್ಟರ್ ಚಿಕ್ಕ ವಯಸ್ಸಿನವರು. ನಕ್ಕರು. "ಪಕ್ಕದ ಹುಳನೇ ಕಲಿಸಿರ್ತೈತಮ್ಮ." ಗ್ಲೌಸ್ ಹಾಕಿದ ಎರಡು ಬೆರಳುಗಳ ತುದಿ ತಾಗಿಸಿ ತೋರಿಸಿದರು. ಒಂದು ಬ್ಯಾಕ್ಟೀರಿಯಾ ಕೂದಲಿಗಿಂತ ಎಷ್ಟೋ ಸಣ್ಣ ಎಳೆಯೊಂದನ್ನು ಚಾಚಿ ಇನ್ನೊಂದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದಂತೆ. ಮೈಗೆ ಮೈ ತಾಗಿದಾಗ ತನ್ನೊಳಗಿನ ಪುಟ್ಟ ಡಿಎನ್‌ಎ ಉಂಗುರದ ನಕಲೊಂದನ್ನು ದಾಟಿಸುತ್ತದಂತೆ. ಔಷಧಿಯನ್ನು ತಡೆದುಕೊಳ್ಳುವ ಗುಟ್ಟು ಅದರಲ್ಲೇ ಇರುತ್ತದೆ.

"ಕೊಟ್ಟದ್ದಕ್ಕ ಕಡಿಮಿ ಆಗಂಗಿಲ್ಲೇನು?"

"ಇಲ್ಲಮ್ಮ. ಎರಡರತ್ರನೂ ಇರ್ತೈತಿ."

"ಹೆಪ್ಪು ಕೊಟ್ಟಂಗ."

"ಹಂಗೇ ನೋಡ್ರಿ. ಬ್ಯಾರೆ ಕುಲದ್ದು ಬಂದ್ರೂ ಕೊಡ್ತಾವು. ನೀವು ಅರ್ಧಂಬರ್ಧ ಮಾತ್ರಿ ನುಂಗಿದಾಗ ಬಡಪಾಯಿಗಳು ಸತ್ತು, ಗಟ್ಟಿಯವು ಉಳಿದ್ವು. ಆಮ್ಯಾಲೆ ಅವುಗಳದ್ದೇ ರಾಜ್ಯ."

"ನನಗಿಂತ ದೊಡ್ಡ ದಾನಿಗಳು ಅದಾವಲ್ಲಲೇ!" ಎಂದು ಅತ್ತೆ ನನ್ನತ್ತ ತಿರುಗಿದರು.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೆರಗು. ನಾವು ಹೆತ್ತು ಹೊತ್ತು ನಮ್ಮ ಮಕ್ಕಳಿಗೆ ಮಾತ್ರ ನಮ್ಮದನ್ನು ದಾಟಿಸುತ್ತೇವೆ. ಕಣ್ಣಿಲ್ಲದ, ಬಾಯಿಲ್ಲದ ಈ ಜೀವಗಳು ಹಾದಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಬದುಕುವ ವಿದ್ಯೆಯನ್ನೇ ಕೊಟ್ಟು ಮುಂದೆ ಹೋಗುತ್ತವೆ. ಅದೂ ಎಲ್ಲಿ? ಮದುವೆಯಾಗಿ ಬಂದಾಗ ನನಗೆ ಮೊದಲ ತುತ್ತು ಬಡಿಸಿದ ಈ ಹೆಂಗಸಿನ ಒಳಗೆ. ಅವರ ಜೀವ ಹಿಂಡುತ್ತಿವೆ ಎಂದು ಗೊತ್ತಿದ್ದೂ ಕೈ ಮುಗಿಯಬೇಕೆನಿಸಿತು. ಹಾಗೆ ಅನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಜ್ವರ ಒಮ್ಮೆಲೇ ಬಿಡಲಿಲ್ಲ. ಇಳಿಯಿತು, ಏರಿತು, ಮತ್ತೆ ಇಳಿಯಿತು. ಒಂದು ಬೆಳಿಗ್ಗೆ ನೋಡಿದರೆ ದಿಂಬು ತೊಯ್ದಿತ್ತು. ಬೆವರು.

ಹಣೆ ತಣ್ಣಗಿತ್ತು.

ನನ್ನ ಗಂಡ ತಾಯಿಯ ಪಾದ ಹಿಡಿದುಕೊಂಡು ಕೂತರು. ನನಗೆ ಅಳು ತಡೆಯಲಾಗಲಿಲ್ಲ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಬಿಡಿಸಿ ಹೇಳಿದರು. ಕಿಡ್ನಿ ಸುಧಾರಿಸಿದೆ. ಆದರೆ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ಸುಮ್ಮನೆ ಉಳಿದುಕೊಂಡಿರಬಹುದು, ಹುಷಾರಾಗಿರಬೇಕು, ಕೇಳದೆ ಒಂದು ಮಾತ್ರೆಯನ್ನೂ ನುಂಗಬಾರದು.

ಮನೆಗೆ ಬಂದು ಕಟ್ಟೆಯ ಮೇಲೆ ಕೂರಿಸಿ ಬಿಸಿ ಗಂಜಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟರು.

"ಇನ್ನೂ ಹೊಟ್ಟ್ಯಾಗ ಅದಾವಂತೇನು?"

"ಇರಬಹುದಂತ, ಅತ್ತಿ."

ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಲೋಟ ಎತ್ತಿಕೊಂಡರು.

"ಇರ್ಲಿ ಬಿಡು. ನಾನೂ ಅದೀನಿ."