ಬ್ರೇಕಿನಡಿ ಸಿಕ್ಕ ಸಮುದ್ರದ ಕಾಯಿ

ಸಂಡೂರಿನ ಘಾಟಿ ಇಳಿಯುತ್ತಾ ಬ್ರೇಕ್ ತುಳಿದೆ. ಪೆಡಲ್ ಕೆಳಗಿಳಿಯಲೇ ಇಲ್ಲ. ಮುಂದೆ ಅದಿರಿನ ಲಾರಿ ನಿಂತಿತ್ತು. ಮರುದಿನ ಕಾರವಾರದ ಕಡಲ ರಸ್ತೆಯಲ್ಲಿ ಎಲ್ಲೆಲ್ಲಿ ನಿಲ್ಲಬೇಕೆಂದು ಪಕ್ಕದಲ್ಲಿ ಪಟ್ಟಿ ಮಾಡುತ್ತಿದ್ದ ಹೆಂಡತಿ, “ರೀ, ಲಾರಿ!” ಎಂದು ಚೀರಿದಳು. ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಅಡ್ಡ ತಿರುಗಿ ಲಾರಿಗೆ ಗೇಣು ದೂರದಲ್ಲಿ ನಿಂತಿತು.

ಬಗ್ಗಿ ನೋಡಿದರೆ ಪೆಡಲಿನಡಿ ತೆಂಗಿನಕಾಯಿ! ಸಮುದ್ರಕ್ಕೆ ಬಿಡಲು ನಾವು ಮರೆಯಬಾರದೆಂದು ಅವ್ವ ಪೂಜೆ ಮಾಡಿ ಬೆಳಿಗ್ಗೆಯೇ ನನ್ನ ಸೀಟಿನ ಕೆಳಗೆ ಇಟ್ಟಿದ್ದಳು. ಇಳಿಜಾರಿನಲ್ಲಿ ಅದು ಉರುಳಿ ಬಂದಿತ್ತು.

ಲಾರಿ ಚಾಲಕ ಇಳಿದು ಬಂದು ಅದನ್ನು ನೋಡಿದ. “ಡಿಕ್ಕಿಯಾಗ ಇಡ್ರಿ ಸಾರ್. ಕಾಯಿ ಬದ್ಲಿ ನಿಮ್ಮ ತಲಿ ಒಡಿತಿತ್ತಲ್ರಿ!” ಎಂದ.

ಅಂದು ಹೆದರಿ ಅಲ್ಲಿಂದಲೇ ಮನೆಗೆ ಮರಳಿದೆವು; ಕಡಲ ರಸ್ತೆಗೆ ಇನ್ನೂ ಹೋಗಿಲ್ಲ. “ಕಾಯಿ ಯಾವಾಗ ಬಿಡ್ತೀಯೋ?” ಎಂದು ಅವ್ವ ಕೇಳುತ್ತಲೇ ಇದ್ದಾಳೆ. ಅದು ಎಲ್ಲಿ ಸಿಕ್ಕಿತೆಂದು ಆಕೆಗೆ ಹೇಳಲು ನನಗೆ ಬಾಯಿ ಬಂದಿಲ್ಲ.