ವಿಭೂತಿ ಬಳಿದ ವೈರ್‌ಲೆಸ್ ಡಬ್ಬಿಗಳು

ಮಾವನ ತೋಟದ ಪಂಪಿಗೆ ವೈರ್‌ಲೆಸ್ ಹಾಕಿಕೊಟ್ಟವನು ನಾನಲ್ಲ, ನನ್ನ ಷಡ್ಡಕ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ ಹೇಳಿ! ಹುಣಸೂರಿನಲ್ಲಿ ಇದೇ ಕಸುಬು ಮಾಡಿ ನನ್ನ ತಲೆ ನೆರೆಯಿತು. ಅವನೋ, ಕೆ.ಆರ್. ನಗರದಲ್ಲಿ ನಿನ್ನೆ ಮೊನ್ನೆ ಅಂಗಡಿ ತೆರೆದವನು. ಆದರೂ ಬೆಟ್ಟದಪುರದ ಮನೆಗೆ ಯಾರೇ ಬರಲಿ, ಮಾವ ಅವರನ್ನು ಪಂಪ್‌ಹೌಸಿಗೆ ಕರೆದೊಯ್ದು, ಇದು ಕಿರಿಯಳಿಯ ಹಾಕಿದ್ದು, ರೈಸ್‌ಮಿಲ್ಲಿಗೆ ಹಾಕುವಂಥ ಮಾಲು ಎಂದು ತೋರಿಸುತ್ತಿದ್ದರು. ಹಿರಿಯಳಿಯನೂ ಇದೇ ಕೆಲಸದವನು ಎಂಬ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಪಕ್ಕದಲ್ಲೇ ನಿಂತು ಕಾದದ್ದೇ ಬಂತು.

ಇದ್ದದ್ದು ಎರಡು ಡಬ್ಬಿ. ದಿಬ್ಬದ ತೊಟ್ಟಿಯ ಬಳಿಯದು ನೀರು ಇಳಿಯಿತು, ತುಂಬಿತು ಎಂದು ಸುದ್ದಿ ಕಳಿಸುತ್ತದೆ. ಪಂಪ್‌ಹೌಸಿನದು ಆ ಸುದ್ದಿ ಹಿಡಿದು ಮೋಟಾರ್ ಎಬ್ಬಿಸುತ್ತದೆ, ನಿಲ್ಲಿಸುತ್ತದೆ. ನೋಡಲು ಎರಡೂ ಒಂದೇ. ಯಾವುದು ಯಾವುದೆಂದು ಹೇಳುವುದು ಮೈಮೇಲಿನ ಚೀಟಿ ಮಾತ್ರ.

ಆಯುಧಪೂಜೆಯ ಮರುದಿನ ಮಾವನ ಫೋನ್ ಬಂತು. ಮೋಟಾರ್ ತಾನಾಗಿ ಏಳುತ್ತಲೂ ಇಲ್ಲ, ನಿಲ್ಲುತ್ತಲೂ ಇಲ್ಲವಂತೆ. ಮೊದಲು ಷಡ್ಡಕನಿಗೇ ಫೋನ್ ಮಾಡಿದ್ದರಂತೆ, ಕಾಕನಕೋಟೆ ಕಾಡಿನ ಕಡೆ ಕೆಲಸಕ್ಕೆ ಹೋದವನು ಸಿಗಲಿಲ್ಲವಂತೆ. ಊರಿಗೆಲ್ಲ ಸಿಗ್ನಲ್ ಹಂಚುವವನಿಗೇ ಸಿಗ್ನಲ್ ಇಲ್ಲ! ಖುಷಿಯಲ್ಲಿ ತಿಂಡಿ ಅರ್ಧಕ್ಕೇ ಬಿಟ್ಟು ಬೈಕ್ ಹತ್ತಿದೆ.

ಹೋಗಿ ನೋಡಿದರೆ, ಮಾವ ಎರಡೂ ಡಬ್ಬಿ ಬಿಚ್ಚಿ ಮನೆಗೆ ತಂದು, ಕುಡುಗೋಲು ಗುದ್ದಲಿಗಳ ಸಾಲಿನಲ್ಲಿಟ್ಟು ಪೂಜೆ ಮಾಡಿದ್ದಾರೆ. ಚೀಟಿಯ ಮೇಲೆಯೇ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮತ್ತೆ ಜೋಡಿಸುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗಿದೆ. ಆಂಟೆನಾಗಳು ಇನ್ನೂ ದೇವರ ಮನೆಯಲ್ಲೇ ಇದ್ದವು.

ಇದನ್ನೂ ಪೂಜೆಗೆ ಇಡುತ್ತಾರೆಯೇ ಎಂದೆ.

"ಇಡ್ದೆ ಇರಕ್ಕಾಯ್ತದಾ? ಅದೂ ದುಡಿಯಾ ವಸ್ತುನೇ ಕಣಪ್ಪ," ಎಂದರು ಮಾವ.

ಆಂಟೆನಾ ಇಲ್ಲದೆ ಕರೆಂಟ್ ಕೊಟ್ಟರೆ ಸುದ್ದಿ ಕಳಿಸುವ ಡಬ್ಬಿ ತನ್ನನ್ನೇ ಸುಟ್ಟುಕೊಳ್ಳಬಹುದು. ಸುಟ್ಟುಹೋಗಿರಲಿ ದೇವರೇ ಎಂದು ಬೇಡಿಕೊಂಡೆ. ಈ ಮಾಲು ಎಸೆಯಿರಿ, ನಾನು ಹೊಸದು ಹಾಕುತ್ತೇನೆ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಮುಚ್ಚಳ ತೆಗೆದು ಮೂಸಿದೆ, ಸುಟ್ಟ ವಾಸನೆಯಿಲ್ಲ. ವೈರಿಂಗಿನಲ್ಲಾದರೂ ಹುಳುಕು ಸಿಕ್ಕೀತೇ ಎಂದು ಎಳೆ ಎಳೆಯಾಗಿ ನೋಡಿದೆ. ಹಾಳಾದವನು, ಚೊಕ್ಕವಾಗಿ ಮಾಡಿದ್ದ.

ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಟೆಸ್ಟರ್ ಹಿಡಿದು ನೋಡಿದೆ. ವಿಭೂತಿ ಒರೆಸಿ ಚೀಟಿ ಓದಿದೆ. ಒಂದನ್ನು ಹೊತ್ತು ದಿಬ್ಬ ಹತ್ತಿ, ಅದರ ಜಾಗಕ್ಕೆ ಕೂರಿಸಿ, ಇನ್ನೊಂದನ್ನು ಇಳಿಸಿ ತಂದೆ. ಎರಡಕ್ಕೂ ಮೊದಲು ಆಂಟೆನಾ, ಆಮೇಲೆ ಕರೆಂಟ್. ಹಸಿರು ದೀಪ ಹತ್ತಿ, ಮೋಟಾರ್ ತಾನಾಗಿ ಎದ್ದಿತು. ತೊಟ್ಟಿ ತುಂಬುತ್ತಲೇ ತಾನಾಗಿ ನಿಂತಿತು. ಬೆವರು ಒರೆಸಿಕೊಂಡು ಮಾವನ ಮುಖ ನೋಡಿದೆ. ಈಗಲಾದರೂ ಆ ಒಂದು ಮಾತು ಬರಬೇಕು.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಷಡ್ಡಕನದೇ, ಕಾಡಿನಿಂದ ಹೊರಗೆ ಬಂದಿದ್ದನಂತೆ. ಮಾವನ ಮುಖ ಅರಳಿತು.

"ನಿನ್ ಡಬ್ಬಿಗೇನೂ ಆಗಿಲ್ಲ ಕಣಪ್ಪ, ಚಿನ್ನದಂಗದೆ. ದೊಡ್ಡಳಿಯಂದ್ರು ಬಂದು ಈಬೂತಿ ಒರಸ್ಕೊಟ್ರು, ಅಷ್ಟೇಯ."