ಸುಬ್ರಾಯಣ್ಣನ ಚೀನೀ ಹಬ್ಬ

ಮೂರು ದಿನ ನಾಪತ್ತೆಯಾಗಿದ್ದ ನಮ್ಮ ಗುಮಾಸ್ತ ಸುಬ್ರಾಯಣ್ಣ ನಗುತ್ತಾ ಆಫೀಸಿಗೆ ಬಂದರು. ಯಜಮಾನರು ಕೆಂಡವಾದರು. "ಎಲ್ಲಿ ಹೋಗಿದ್ರಿ ಮಾರಾಯ್ರೇ?"

"ಚೀನಾದವ್ರ ಹೊಸವರ್ಷ ಅಲ್ದಾ? ಕಂಪ್ಯೂಟರಲ್ಲಿ ಇದ್ದದ್ದಷ್ಟೇ ರಜೆ ಅಂದವ್ರು ನೀವೇ!"

ಹೊನ್ನಾವರದಿಂದ ಚೀನಾಕ್ಕೆ ಮೀನು ಕಳಿಸುವ ಆಫೀಸು ನಮ್ಮದು. ಸುಬ್ರಾಯಣ್ಣ ಪ್ರತಿ ಸಂಕಷ್ಟಿಗೂ ಇಡಗುಂಜಿ ಗಣಪತಿಯ ದರ್ಶನಕ್ಕೆ ಹೋಗಲು ಅರ್ಧ ದಿನ ಕೇಳುತ್ತಾರೆಂದು ಯಜಮಾನರು ಗೋಡೆಯ ಕ್ಯಾಲೆಂಡರನ್ನೇ ತೆಗೆಸಿ ಆ ನಿಯಮ ಮಾಡಿದ್ದರು. ಆಮೇಲೆ, ಅಲ್ಲಿನ ಗಿರಾಕಿಗಳು ಯಾವಾಗ ಬಾಗಿಲು ಹಾಕುತ್ತಾರೆಂದು ತಿಳಿಯಲು, ಚೀನಾದ ರಜೆಗಳನ್ನೂ ನನ್ನಿಂದ ಕಂಪ್ಯೂಟರಿಗೆ ಹಾಕಿಸಿದ್ದರು.

ಯಜಮಾನರು ಕಂಪ್ಯೂಟರಿನತ್ತ ನೋಡಿ ಹಣೆ ಚಚ್ಚಿಕೊಂಡರು. "ಆತು, ಸಂಕಷ್ಟಿಗೆ ಹೋಗಿ. ಚೀನಾ ಒಂದು ಬಿಡಿ!"

ಆ ಹಬ್ಬವನ್ನು ಸುಬ್ರಾಯಣ್ಣನಿಗೆ ಬೆರಳಿಟ್ಟು ತೋರಿಸಿದವಳು ನಾನೆಂದು ಯಜಮಾನರಿಗೆ ಇನ್ನೂ ಗೊತ್ತಿಲ್ಲ. ಸಂಕಷ್ಟಿಯ ಮರುದಿನ ನನ್ನ ಮೇಜಿನ ಮೇಲೆ ಪಂಚಕಜ್ಜಾಯದ ಪೊಟ್ಟಣ ಮಾತ್ರ ತಪ್ಪುವುದಿಲ್ಲ.